ಸತುವಿನ ಗೋಡೆಗೆ ಒಲೆಯ ಬೂದಿ

ಬೀಳಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮದುವೆಗೆ ಪೆಂಡಾಲು, ಕುರ್ಚಿ, ಭಾಂಡೆ ಬಾಡಿಗೆಗೆ ಕೊಡುವ ಶಿವಪುತ್ರನಿಗೆ ಲೋಹಶಾಸ್ತ್ರ ಪೂರ್ತಿ ಗೊತ್ತಿತ್ತು. ಆ ಶಾಸ್ತ್ರದಲ್ಲಿ ಇದ್ದದ್ದೇ ಎರಡು ಮಾತು. ಹೊಳೆಯುವುದು ಒಳ್ಳೆಯದು, ಹೊಳೆಯದೇ ಇರುವುದು ತಿಕ್ಕಿಲ್ಲದ್ದು. ಅವನ ಅಂಗಡಿಯ ಹಂಡೆ, ಡಬರಿ, ಪರಾತಗಳಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದಿತ್ತು. ಅವನು ಬೋಳಿಸಿಕೊಳ್ಳುತ್ತಿದ್ದದ್ದೂ ಹಾಗೆಯೇ. ಇಂಥ ಮನುಷ್ಯನನ್ನು ಸಮುದಾಯ ಭವನದ ಸಮಿತಿಗೆ ಸೇರಿಸಿದ್ದು ಯಾರ ತಪ್ಪು ಎಂಬ ಬಗ್ಗೆ ಊರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಸಭೆಗೆ ಕುರ್ಚಿ ಪುಕ್ಕಟೆ ಸಿಗುತ್ತವೆ ಎಂದು ಸೇರಿಸಿದರು ಎನ್ನುವವರೇ ಹೆಚ್ಚು.

ಭವನಕ್ಕೆ ಗೊತ್ತಾದ ಜಾಗ ಊರ ಹೊರಗೆ, ಕೃಷ್ಣೆಯ ಹಿನ್ನೀರು ಕಾಣುವ ದಿಬ್ಬದ ಮೇಲೆ. ನಕ್ಷೆ ಮಾಡಿದವಳು ಪ್ರೀತಿ ಎಂಬ ಬೆಂಗಳೂರಿನ ಆರ್ಕಿಟೆಕ್ಟು. ಅವಳು ಒಂದು ದಿನ ಬಂದು ಗೋಡೆಗೆ ಬಿಳಿ ಬಟ್ಟೆ ಕಟ್ಟಿಸಿ, ಅದರ ಮೇಲೆ ಚಿತ್ರ ಬಿಡುತ್ತ, ಈ ಕಟ್ಟಡಕ್ಕೆ ಸುಣ್ಣಬಣ್ಣ ಇರುವುದಿಲ್ಲ, ಹೊರಗೋಡೆಗೂ ಚಾವಣಿಗೂ ಸತುವಿನ ಹಾಳೆ ಹೊದಿಸುತ್ತೇವೆ ಎಂದಳು. ಯೂರೋಪಿನಲ್ಲಿ ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆಲ್ಲ ಈಗ ಇದನ್ನೇ ಹೊದಿಸುತ್ತಾರೆ, ಇದು ಮುಗಿಲಿನ ಬಣ್ಣ, ಹಿನ್ನೀರಿನ ಬಣ್ಣ, ಕಟ್ಟಡ ತಾನು ಸುಮ್ಮನಿದ್ದು ಒಳಗಿನ ಜನರನ್ನು ಕಾಣಿಸಬೇಕು ಎಂದೆಲ್ಲ ಮನಸ್ಸಿಟ್ಟು ಹೇಳಿದಳು. ಶಿವಪುತ್ರ ಇದರಲ್ಲಿ ಒಂದು ಮಾತನ್ನೂ ಕೇಳಲಿಲ್ಲ. ಅವನ ಕಣ್ಣು ಚಿತ್ರದ ಮೇಲಿತ್ತು. ಚಿತ್ರದಲ್ಲಿ ಸಂಜೆಯ ಬಿಸಿಲು ಬಿದ್ದು ಕಟ್ಟಡ ಬೆಳ್ಳಿಯ ತಾಟಿನಂತೆ ಹೊಳೆಯುತ್ತಿತ್ತು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಶಿವಪುತ್ರ ಎದ್ದು ನಿಂತ.

"ಬಾಯಾರ, ಖರೇನ ಇದು ಹಿಂಗ ಕಾಣತೈತೇನ್ರಿ?"

"ಇದಕ್ಕಿಂತ ಚೆನ್ನಾಗಿ ಕಾಣುತ್ತೆ" ಎಂದಳು ಪ್ರೀತಿ. ಪಾಪ, ಅವಳು ಅಂದುಕೊಂಡಿದ್ದು ಬೇರೆ, ಇವನು ಕೇಳಿಸಿಕೊಂಡಿದ್ದು ಬೇರೆ. ಅರ್ಧ ಗಂಟೆಯೊಳಗೆ ಚಹಾದಂಗಡಿಯಲ್ಲಿ ಅದಕ್ಕೆ 'ಬೆಳ್ಳಿ ಭವನ' ಎಂದು ನಾಮಕರಣವಾಗಿ ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ಅದೇ ವಾರ ಶಿವಪುತ್ರನ ಮಗಳು ಅನುರಾಧಾಳ ಮದುವೆಯ ಮಾತು ಮುಧೋಳದ ಕಡೆಯ ಗಿರಮಲ್ಲಪ್ಪನ ಮನೆಯವರ ಜೊತೆ ನಡೆದಿತ್ತು. ಗಿರಮಲ್ಲಪ್ಪ ಕಬ್ಬಿನ ರೈತ, ಸಮೀರವಾಡಿಯ ಕಾರ್ಖಾನೆಗೆ ಕಬ್ಬು ಕಳಿಸುವವರಲ್ಲಿ ದೊಡ್ಡ ಕುಳ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಕೊಡುಕೊಳ್ಳುವ ಮಾತೂ ಮುಗಿದಿತ್ತು. ಲಗ್ನ ಎಲ್ಲಿ ಎನ್ನುವುದು ಮಾತ್ರ ಉಳಿದಿತ್ತು.

"ಲಗ್ನ ಮುಧೋಳದಾಗ ಆಗ್ಲಿ. ಬೀಳಗ್ಯಾಗ ಏನೈತ್ರಿ ಬೀಗ್ರ? ನಮ್ಮ ಮಂದೀನ ಎಲ್ಲಿ ಕುಂಡ್ರಸ್ತೀರಿ, ನಿಮ್ಮ ಪರಾತದಾಗೇನು?" ಎಂದ ಗಿರಮಲ್ಲಪ್ಪ.

"ಬೆಳ್ಳಿ ಭವನದಾಗ ಕುಂಡ್ರಸ್ತೇನ್ರಿ."

"ಗ್ವಾಡಿಗೆ ಬೆಳ್ಳಿ ಬಡಿಸ್ಯಾರೇನು?"

"ಬೆಳ್ಳಿ ಅಲ್ರಿ, ಝಿಂಕ್. ಬೆಳ್ಳಿಗಿಂತ ಒಂದ ಕೈ ಮ್ಯಾಲ. ಬಿಸಲ ಬಿತ್ತಂದ್ರ ಕಣ್ಣ ಬಿಡಾಕ ಆಗಂಗಿಲ್ಲ. ಯೂರೋಪಿನ್ಯಾಗ ರಾಜರ ಮನಿಗೆಲ್ಲ ಅದನ್ನ ಹಾಕತಾರ."

ಗಿರಮಲ್ಲಪ್ಪ ಮೀಸೆ ತೀಡಿಕೊಂಡ. "ಭವನ ಚಾಲೂ ಆಗೂ ದಿನ ನಮ್ಮವ್ವನ್ನ ಕರಕೊಂಡ ಬರತೇನಿ. ನೀವು ಹೇಳಿದಂಗ ಇತ್ತಂದ್ರ ಲಗ್ನ ಅಲ್ಲೇ. ಇರಲಿಲ್ಲಂದ್ರ, ಇಂಥಾ ಮಾತಿಗೇ ಸುಳ್ಳ ಹೇಳೂ ಮಂದಿ ಮುಂದ ಎಂಥಾದ್ದಕ್ಕ ಹೇಳತೀರೋ ಅಂತ ನಾವೂ ಎರಡ ಸಲ ವಿಚಾರ ಮಾಡಬೇಕಾಗತೈತಿ."

ಮದುವೆ ಬೀಳಗಿಯಲ್ಲೇ ಆಗಬೇಕು ಎಂದು ಹಟ ಹಿಡಿದವಳು ನಿಜಕ್ಕೂ ಶಿವಪುತ್ರನ ಹೆಂಡತಿ ಪದ್ಮವ್ವ. ಅದಕ್ಕೆ ಕಾರಣವಿತ್ತು. ಅವರ ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದಾಗ ಸರ್ಕಾರ ಎಲ್ಲರನ್ನೂ ತಗಡಿನ ಶೆಡ್ಡುಗಳಿಗೆ ಹಾಕಿತ್ತು. ಬೇಸಿಗೆಯಲ್ಲಿ ಆ ಶೆಡ್ಡಿನೊಳಗೆ ಹಿಟ್ಟು ಕಲಸಿಟ್ಟರೆ ರೊಟ್ಟಿ ತಾನೇ ಬೇಯುತ್ತದೆ ಎಂದು ಜನ ನಗುತ್ತಿದ್ದರು. ಮಳೆ ಬಂದರೆ ಪಕ್ಕದಲ್ಲಿ ಕೂತವರಿಗೂ ಕೂಗಿ ಮಾತಾಡಬೇಕಾಗುತ್ತಿತ್ತು. ಅನುರಾಧಾ ಹುಟ್ಟಿದ್ದು ಅಂಥದೊಂದು ಮಳೆಯಲ್ಲಿ. ಕೂಸು ಅತ್ತದ್ದು ಹೆತ್ತವಳಿಗೇ ಕೇಳಿಸಿರಲಿಲ್ಲ. ಅವತ್ತೇ ಪದ್ಮವ್ವ, ಇವಳ ಲಗ್ನವನ್ನಾದರೂ ನಾವು ನೆಲೆ ನಿಲ್ಲುವ ಊರಲ್ಲೇ ಗಟ್ಟಿ ಸೂರಿನ ಕೆಳಗೆ ಮಾಡುತ್ತೇನೆ ಎಂದುಕೊಂಡಿದ್ದಳು.

ಹೀಗಿರುವಾಗ ಗೋಡೆಗೆ ಹಾಳೆ ಹೊದಿಸಿ ಮುಗಿಯಿತು. ಹಾಳೆಗಳ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ಕಿನ ಪೊರೆಯಿತ್ತು. ಅದನ್ನು ಸುಲಿಯುವ ದಿನ ಶಿವಪುತ್ರ ದಿಬ್ಬದ ಮೇಲೆ ಸಾಲಾಗಿ ಕುರ್ಚಿ ಹಾಕಿಸಿ ಊರನ್ನು ಕರೆದ. ಕಣ್ಣು ಕುಕ್ಕುತ್ತದೆ, ಮುದುಕರು ಹಿಂದೆ ಕೂತುಕೊಳ್ಳಿ ಎಂದು ಎಚ್ಚರಿಕೆಯನ್ನೂ ಕೊಟ್ಟ. ಕೆಲಸಗಾರರು ಮೇಲಿನಿಂದ ಪೊರೆ ಹಿಡಿದು ಸರ್ರನೆ ಎಳೆದರು.

ಒಳಗಿನಿಂದ ಬೂದು ಬಣ್ಣದ ಗೋಡೆ ಹೊರಬಂತು.

ಹೊಳಪು ಎಂಬ ಪದಾರ್ಥ ಅದರಲ್ಲಿ ಮದ್ದಿಗೆ ಬೇಕೆಂದರೂ ಇರಲಿಲ್ಲ. ಮಳೆಗಾಲದ ಮುಂಚಿನ ಮೋಡವನ್ನು ತಂದು ಮಡಚಿ ಮಡಚಿ ಮೊಳೆ ಹೊಡೆದ ಹಾಗೆ, ಉದ್ದುದ್ದ ಪಟ್ಟಿ, ಪಟ್ಟಿಗೂ ಪಟ್ಟಿಗೂ ನಡುವೆ ಒಂದು ಏಣು. ಊರಿಗೆ ಊರೇ ಬಾಯಿ ತೆರೆದು ಕೂತಿತು. ಕೊನೆಗೆ ಹಿಂದಿನ ಸಾಲಿನಿಂದ ಪರಸಪ್ಪ ಎಂಬ ಮುದುಕ ಎದ್ದು ಬಂದು, ಕೋಲಿನಿಂದ ಗೋಡೆಗೆ ಒಂದು ಸಲ ತಟ್ಟಿ, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

"ಇದು ತಗಡೋ ತಮ್ಮಾ. ನಾ ಬಲ್ಲೆ ಇದನ್ನ."

ಮುಳುಗಡೆಯ ಊರುಗಳ ಜನಕ್ಕೆ ತಗಡು ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸುದ್ದಿ ಎದ್ದಿತು. ಸಂಜೆಗೆ ಅದಕ್ಕೆ ಕೈಕಾಲು ಬಂದವು. ಡ್ಯಾಮು ಎತ್ತರ ಮಾಡುತ್ತಾರಂತೆ, ನೀರು ಬೀಳಗಿಗೂ ಬರುತ್ತದಂತೆ, ಅದಕ್ಕೇ ಈ ಸಲ ಸರ್ಕಾರ ಜಾಣತನ ಮಾಡಿ ಮುಂಚೆಯೇ ಶೆಡ್ಡು ಕಟ್ಟಿಟ್ಟಿದೆಯಂತೆ, ಸಮುದಾಯ ಅಂದರೆ ಎಲ್ಲರನ್ನೂ ಒಂದರಲ್ಲೇ ಹಾಕುವುದಂತೆ! ಕತ್ತಲಾಗುವ ಮೊದಲೇ ಪರಸಪ್ಪ ಶಿವಪುತ್ರನ ಅಂಗಡಿಗೆ ಬಂದ.

"ನೀ ಸಮಿತ್ಯಾಗ ಅದಿ. ನಮಗೊಂದು ಕಿಡಕಿ ಕಡೆ ಮೂಲಿ ಹಿಡದಿಡಪಾ. ನಮ್ಮಾಕಿಗೆ ಧಗಿ ತಡೆಯಂಗಿಲ್ಲ. ಹೋದ ಸಲ ನಡುವ ಹಾಕಿ ಕೊಂದ್ರು."

"ಯಜ್ಜಾ, ಅದು ಲಗ್ನ ಮಾಡೂ ಭವನೋ!"

"ಹೂಂ, ಹಂಗ ಹೇಳ್ತಾರ. ಹೋದ ಸಲಾನೂ ಮೂರ ತಿಂಗಳ ಅಂದಿದ್ರು" ಎಂದು ಪರಸಪ್ಪ ತನ್ನ ಹಾಸಿಗೆಯ ಸುರುಳಿಯನ್ನು ಅಲ್ಲೇ ಬಾಗಿಲ ಬಳಿ ಇಟ್ಟು ಹೋದ, ಜಾಗ ಹಿಡಿಯಲಿಕ್ಕೆ.

ಶಿವಪುತ್ರ ಮನೆಗೆ ಹೋದರೆ ಪದ್ಮವ್ವ ಒಲೆ ಹಚ್ಚಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು.

"ನಿಮ್ಮ ಮಗಳು ಹುಟ್ಟಿದ್ದು ತಗಡಿನ ಕೆಳಗ. ಈಗ ಆಕಿ ತಲಿಮ್ಯಾಲ ಅಕ್ಕಿಕಾಳ ಬೀಳೂದೂ ತಗಡಿನ ಕೆಳಗಾ ಏನ್ರಿ? ಹಂಗಿದ್ರ ಮುಧೋಳದಾಗ ಮಾಡ್ರಿ, ಬಯಲಾಗ ಮಾಡ್ರಿ, ನಾ ಅಂತೂ ಆ ಶೆಡ್ಡಿನ ಹೊಸ್ತಿಲ ದಾಟಂಗಿಲ್ಲ" ಎಂದಳು. ಎರಡೂ ಕಡೆಯಿಂದ ಮದುವೆ ಕೈ ಜಾರುತ್ತಿದೆ ಎಂದು ಶಿವಪುತ್ರನಿಗೆ ಗೊತ್ತಾಯಿತು.

ಮರುದಿನ ಅವನು ಭವನದ ಎಂಜಿನಿಯರು ಪರಮಾನಂದನನ್ನು ಹಿಡಿದ. ಪರಮಾನಂದ ಜಮಖಂಡಿಯವನು, ಒಳ್ಳೆಯವನು, ಯಾರು ಏನು ಕೇಳಿದರೂ ಪೂರ್ತಿ ಉತ್ತರ ಕೊಡುವ ರೋಗವಿದ್ದವನು.

"ಸಾಹೇಬ್ರ, ಹೊಳಪ ಎಲ್ಲಿ ಹೋತ್ರಿ?"

"ಹೊಳಪ ಇರಬಾರದ್ರಿ. ಇದರ ಮ್ಯಾಲ ಒಂದು ಪದರ ಕಟ್ಟೈತಿ. ಗಾಳಿ, ಮಳಿ ತಾಗಿದಂಗ ತಾಗಿದಂಗ ಆ ಪದರ ಇನ್ನೂ ಗಟ್ಟಿ ಆಗತೈತಿ. ಆ ಪದರನ ಇದನ್ನ ಕಾಯೂದು. ಮತ್ತ ಬಣ್ಣ ಬ್ಯಾಡ, ಎಣ್ಣಿ ಬ್ಯಾಡ."

ಶಿವಪುತ್ರ ಇದನ್ನು ತನ್ನ ಶಾಸ್ತ್ರದೊಳಗೆ ತಿರುಗಿಸಿ ನೋಡಿದ. ಲೋಹದ ಮೇಲೆ ತಾನಾಗಿ ಕಟ್ಟುವ ಪದರಕ್ಕೆ ಅವನ ಅಂಗಡಿಯಲ್ಲಿ ಒಂದೇ ಹೆಸರಿತ್ತು.

"ಅಂದ್ರ ಕಿಲಬ ಹಿಡಿಸೀರಿ!"

"ಹಂಗಲ್ರಿ—"

"ಕಿಲಬ ಹಿಡದ ಡಬರ‍್ಯಾಗ ಮಜ್ಜಿಗಿ ಕೊಟ್ರ ಮಂದಿ ನನ್ನ ಕೈ ಮುರೀತಾರ್ರಿ. ನೀವು ಕಿಲಬ ಹಿಡದ ಮನ್ಯಾಗ ಊಟಕ್ಕ ಕುಂಡ್ರಸಾಕ ಹೊಂಟೀರಿ! ಸರ್ಕಾರಕ್ಕ ತಿಕ್ಕಾವ್ರು ಸಿಗಲಿಲ್ಲಂದ್ರ ನನಗ ಒಂದ ಮಾತ ಹೇಳಬೇಕಿಲ್ರಿ?"

ಪರಮಾನಂದ ಇನ್ನೂ ಅರ್ಧ ಗಂಟೆ ವಿವರಿಸಿದ. ಶಿವಪುತ್ರನಿಗೆ ಅದರಿಂದ ಒಂದು ವಿಷಯ ಖಚಿತವಾಯಿತು. ಒಳಗೆ ಹೊಳಪು ಇದೆ, ಮೇಲೆ ಕಿಲುಬು ಕೂತಿದೆ, ತಿಕ್ಕುವವರು ಬೇಕು.

ಶ್ರಾವಣ ಸೋಮವಾರ ಭವನ ಚಾಲೂ ಎಂದು ಗೊತ್ತಾಯಿತು. ಗಿರಮಲ್ಲಪ್ಪ ತಾಯಿಯನ್ನು ಕರೆದುಕೊಂಡು ಅವತ್ತೇ ಬರುತ್ತೇನೆ ಎಂದು ಫೋನು ಮಾಡಿದ. ಶನಿವಾರ ಸಂಜೆಯ ಬಸ್ಸಿಗೆ ಪರಮಾನಂದ ಜಮಖಂಡಿಗೆ ಹೋದ. ಭಾನುವಾರ ಬೆಳಗಾಗುತ್ತಲೇ ಶಿವಪುತ್ರ ತನ್ನ ಭಾಂಡೆ ತಿಕ್ಕುವ ಹೆಣ್ಣುಮಕ್ಕಳ ಪಡೆಯನ್ನು ದಿಬ್ಬಕ್ಕೆ ಏರಿಸಿದ. ಪಡೆಯ ಮುಖ್ಯಸ್ಥೆ ಅನಸವ್ವ. ಮದುವೆಯ ಅಡುಗೆಯಲ್ಲಿ ಸುಟ್ಟು ಕರಕಲಾದ ಹಂಡೆಯನ್ನು ಕನ್ನಡಿ ಮಾಡಿ ಕೊಡುವ ಕೈ ಅವಳದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಯಣ್ಣಾ, ಇಷ್ಟು ದೊಡ್ಡ ಡಬರಿ ನಾ ಹುಟ್ಟಿದಾಗಿಂದ ತಿಕ್ಕಿಲ್ಲ" ಎಂದಳು.

ಮೊದಲು ಹಿಂದಿನ ಮೂಲೆಯಲ್ಲಿ ಹುಣಸೆಹುಳಿ ಹಚ್ಚಿ ನೋಡಿದರು. ಗೋಡೆಗೆ ತೊನ್ನು ಬಂದ ಹಾಗೆ ಬಿಳಿ ಕಪ್ಪು ಕಲೆ ಎದ್ದವು. ಶಿವಪುತ್ರನ ಮುಖಕ್ಕೂ ಅದೇ ಬಣ್ಣ ಬಂತು. ಹುಳಿ ಇದಕ್ಕೆ ಆಗಿಬರುವುದಿಲ್ಲ, ಬೂದಿಯೇ ಸೈ ಎಂದಳು ಅನಸವ್ವ. ಆದರೆ ಮನೆಮನೆಗೂ ಗ್ಯಾಸು ಬಂದು ಊರಲ್ಲಿ ಬೂದಿಗೆ ಬರಗಾಲ. ಬಚ್ಚಲ ಒಲೆಗಳನ್ನೆಲ್ಲ ಗೋರಿದರೂ ಬಾಗಿಲಿನ ಅಕ್ಕಪಕ್ಕಕ್ಕೆ ಸಾಕಾಗಲಿಲ್ಲ. ಶಿವಪುತ್ರ ಬಿಡುವವನೇ? ಬಾಡಗಂಡಿ ಕಡೆಯ ಬೆಲ್ಲದ ಗಾಣಕ್ಕೆ ಟೆಂಪೋ ಓಡಿಸಿ ಚೀಲಗಟ್ಟಲೆ ಬೂದಿ ತರಿಸಿದ. ಪೆಂಡಾಲಿನ ಗಳ ಕಟ್ಟಿ ಅಟ್ಟಣಿಗೆ ಮಾಡಿಸಿದ. ತೆಂಗಿನ ನಾರು, ಬೂದಿ, ಇಷ್ಟಿಷ್ಟು ನೀರು, ಮೇಲೆ ಅನಸವ್ವನ ಹಾಡು. ಮಧ್ಯಾಹ್ನ ಮೊದಲನೆಯ ಪಟ್ಟಿ ಪಳಪಳ ಎಂದಿತು.

ಆಗ ಶಿವಪುತ್ರನ ಕಣ್ಣಲ್ಲಿ ನೀರು ಬಂದದ್ದು ಬೂದಿ ಹಾರಿದ್ದಕ್ಕಲ್ಲ. ಇಷ್ಟು ದೊಡ್ಡ ಸರ್ಕಾರಕ್ಕೆ, ಬೆಂಗಳೂರಿನ ಓದಿದವರಿಗೆ ಹೊಳೆಯದೇ ಇದ್ದದ್ದು ತನಗೆ ಹೊಳೆಯಿತಲ್ಲ ಎಂದು ಉಬ್ಬಿ ಹೋದ. ಸಂಜೆಗೆ ಮುಂಭಾಗದ ಗೋಡೆ ಗಳದ ಅಟ್ಟಣಿಗೆ ಎಟುಕಿದಷ್ಟು ಎತ್ತರಕ್ಕೆ ಬೆಳ್ಳಿಯಾಯಿತು. ಅದರ ಮೇಲಿನದು ಬೂದು ಬಣ್ಣದಲ್ಲೇ ಉಳಿಯಿತು. ಬೀಗರು ಕುಳ್ಳರು, ಅಷ್ಟು ಮೇಲೆ ನೋಡುವುದಿಲ್ಲ ಎಂದು ಶಿವಪುತ್ರ ಸಮಾಧಾನ ಮಾಡಿಕೊಂಡ. ತೊಳೆಯಲು ಹೋದರೆ, ಕಣ್ಣೆದುರಿಗೆ ಕೃಷ್ಣೆ ಸಮುದ್ರವಾಗಿ ಬಿದ್ದಿದ್ದರೂ ಅವತ್ತು ನಲ್ಲಿಯಲ್ಲಿ ನೀರು ಬರುವ ದಿನವಾಗಿರಲಿಲ್ಲ. ಒಣಬಟ್ಟೆಯಿಂದ ಒರೆಸಿ ಮುಗಿಸಿದರು. ಏಣುಗಳ ಸಂದಿಯಲ್ಲೆಲ್ಲ ಬೂದಿ ಹಾಗೇ ಕೂತಿತ್ತು.

ಸೋಮವಾರ ಬೆಳಿಗ್ಗೆ ಪರಮಾನಂದ ಬಸ್ಸಿಳಿದು ದಿಬ್ಬ ಹತ್ತಿದವನು ಅರ್ಧದಲ್ಲೇ ನಿಂತ. ಕೈಯಲ್ಲಿದ್ದ ಚೀಲ ಬಿತ್ತು. ಆಮೇಲೆ ಅವನೂ ಅದರ ಪಕ್ಕ ಕೂತುಬಿಟ್ಟ.

"ಯಾರು ಮಾಡಿದ್ರಿ ಇದನ್ನ?"

"ನಾನ ಸಾಹೇಬ್ರ. ಉಪಕಾರ ಗಿಪಕಾರ ಏನೂ ಅನಬ್ಯಾಡ್ರಿ. ನಮ್ಮ ಊರ ಕೆಲಸ."

ಅಷ್ಟರಲ್ಲಿ ಪ್ರೀತಿಯ ಕಾರು ಬಂತು. ಅವಳು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ಬಾಯಿಯ ಮೇಲೆ ಕೈ ಹೋಯಿತು. ಖುಷಿಗೆ ಮಾತು ಹೊರಡುತ್ತಿಲ್ಲ ಎಂದು ಶಿವಪುತ್ರನಿಗೆ ಅರ್ಥವಾಯಿತು.

"ನೋಡ್ರಿ ಬಾಯಾರ, ನಿಮ್ಮ ಚಿತ್ರದಾಗ ಇದ್ದಂಗ ಮಾಡೇನಿ."

"ಅದರ ಮೇಲಿನ ಪದರಾನೇ ತೆಗೆದುಬಿಟ್ಟಿದ್ದೀರಲ್ರೀ!"

"ಪೂರಾ ತಗದೇವ್ರಿ. ಮ್ಯಾಲ ಒಂದೀಟ ಉಳದೈತಿ. ನಾಳೆ ಅದನ್ನೂ ತಗದ ಬಿಡತೇವಿ, ನೀವು ಚಿಂತಿ ಬಿಡ್ರಿ."

ಪ್ರೀತಿ ಪರಮಾನಂದನ ಪಕ್ಕ ಹೋಗಿ ಕೂತಳು. ಅವಳಿಗೆ ಅಳು ಬರುತ್ತಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಆದರೆ ಯಾರಾದರೂ ಸಂತೈಸುವ ಮೊದಲೇ ಗಿರಮಲ್ಲಪ್ಪನ ಜೀಪು ದೂಳೆಬ್ಬಿಸಿಕೊಂಡು ಬಂತು.

ಗಿರಮಲ್ಲಪ್ಪ ಇಳಿದ. ಅವನ ತಾಯಿ ಕೆಂಪವ್ವನನ್ನು ಇಬ್ಬರು ಹಿಡಿದು ಇಳಿಸಿದರು. ಮುದುಕಿಗೆ ಬೆನ್ನು ಬಾಗಿದ್ದರೂ ಆ ಮನೆಯಲ್ಲಿ ಅವಳ ಮಾತು ಮೀರಿ ಒಂದು ಎಮ್ಮೆಯನ್ನೂ ಕೊಂಡವರಿಲ್ಲ. ಗಿರಮಲ್ಲಪ್ಪ ಗೋಡೆಯ ಹತ್ತಿರ ಹೋಗಿ, ಅದರಲ್ಲಿ ತನ್ನ ಮೀಸೆ ನೋಡಿಕೊಂಡು, ತಿರುಗಿದ.

"ಬೀಗ್ರ, ನಿಮ್ಮ ಮಾತಂದ್ರ ಮಾತು! ಲಗ್ನ ಇಲ್ಲೇ!"

ಶಿವಪುತ್ರನಿಗೆ ಸ್ವರ್ಗ ಅಲ್ಲೇ ದಿಬ್ಬದ ಮೇಲೆ ಸಿಕ್ಕಿತ್ತು. ಅವನು ಅದನ್ನು ಅಲ್ಲಿಗೇ ಬಿಡಬಹುದಿತ್ತು.

ಬೀರೇಶ್ವರನ ಭಕ್ತರು ಡೊಳ್ಳು ಹೊಡೆಯುತ್ತ ದಿಬ್ಬ ಏರಿದರು. ಹೊಸ ಕಟ್ಟಡಕ್ಕೆ ಭಂಡಾರ ಹಾರಿಸದೇ ಒಳಗೆ ಕಾಲಿಡುವ ಪದ್ಧತಿ ಅವರಲ್ಲಿಲ್ಲ. "ಬೀರದೇವರಿಗೆ ಚಾಂಗಭಲೋ" ಎಂದು ಬೊಗಸೆ ಬೊಗಸೆ ಅರಿಶಿನ ಪುಡಿ ತೂರಿದರು. ಡೊಳ್ಳಿನವರ ತಲೆ, ರಿಬ್ಬನ್ನು ಕತ್ತರಿಸಲು ನಿಂತಿದ್ದ ಸಮಿತಿಯ ಅಧ್ಯಕ್ಷರ ಬಿಳಿ ಅಂಗಿ, ಬೀಗರ ಮೀಸೆ ಎಲ್ಲ ಹಳದಿಯಾಯಿತು. ಬೆಳ್ಳಿಯ ಗೋಡೆಯೂ ಹಳದಿಯಾಯಿತು. ಹೊಳಪು ಮುಚ್ಚಿಹೋಯಿತು.

ಶಿವಪುತ್ರನ ಜೀವ ಚುರ್ ಎಂದಿತು. ದೇವರ ಭಂಡಾರಕ್ಕೆ ಬೇಡ ಅನ್ನುವ ಹಾಗಿಲ್ಲ, ಹೊಳಪು ಮುಚ್ಚಿದ್ದನ್ನು ನೋಡುವ ಹಾಗೂ ಇಲ್ಲ. ಊಟದ ವ್ಯವಸ್ಥೆಗೆಂದು ಕಷ್ಟಪಟ್ಟು ತರಿಸಿದ್ದ ನೀರಿನ ಟ್ಯಾಂಕರು ಪಕ್ಕದಲ್ಲೇ ನಿಂತಿತ್ತು. ಅವನು ಓಡಿಹೋಗಿ ಅದರ ಪೈಪು ಎಳೆದ.

ಅನಸವ್ವ ದೂರದಿಂದ ಎರಡೂ ಕೈ ಎತ್ತಿ ಕೂಗಿದಳು. "ಯಣ್ಣಾ, ನೀರ ಹಾಕಬ್ಯಾಡೋ! ಕೆಳಗ ಬೂದಿ ಐತಿ!" ಡೊಳ್ಳಿನ ಅಬ್ಬರದಲ್ಲಿ ಅವಳ ಬಾಯಿ ಆಡುವುದು ಮಾತ್ರ ಕಾಣಿಸಿತು. ಹುರುಪು ತುಂಬುತ್ತಿದ್ದಾಳೆ ಎಂದುಕೊಂಡು ಶಿವಪುತ್ರ ನೀರು ಬಿಟ್ಟ.

ಹಳದಿ ಗೋಡೆ ಒಂದು ಕ್ಷಣ ಹಳದಿಯಾಗಿಯೇ ಇತ್ತು. ಆಮೇಲೆ ಕೆಂಪಾಗತೊಡಗಿತು. ಮೊದಲು ಏಣುಗಳ ಸಂದಿಯಿಂದ ಗೆರೆಗೆರೆಯಾಗಿ ಕೆಂಪು ಇಳಿಯಿತು, ಆಮೇಲೆ ಪಟ್ಟಿಗೆ ಪಟ್ಟಿಯೇ ಕೆಂಪಾಯಿತು, ಮೆಟ್ಟಿಲ ಮೇಲೆ ಹರಿಯಿತು, ಹರಿದು ಬೀಗರ ಚಪ್ಪಲಿ ಮುಟ್ಟಿತು. ಡೊಳ್ಳು ನಿಂತಿತು. ಇಡೀ ದಿಬ್ಬದ ಮೇಲೆ ಟ್ಯಾಂಕರಿನ ನೀರು ಸುರಿಯುವ ಸದ್ದೊಂದೇ ಉಳಿಯಿತು. ಶಿವಪುತ್ರ ಕೈಯಲ್ಲಿ ಪೈಪು ಹಿಡಿದು, ತಾನು ಯಾರನ್ನೋ ಇರಿದಿದ್ದೇನೆ ಎನ್ನುವ ಹಾಗೆ ನಿಂತಿದ್ದ.

"ರಕ್ತಾ!" ಎಂದು ಯಾರೋ ಕಿರುಚಿದರು. ಜನ ದಿಕ್ಕಾಪಾಲಾಗಿ ಓಡಿದರು. ಅಧ್ಯಕ್ಷರು ರಿಬ್ಬನ್ನಿನ ಕತ್ತರಿಯನ್ನು ಹಿಡಿದುಕೊಂಡೇ ಕಾರು ಹತ್ತಿದರು. ಪರಸಪ್ಪ ಮಾತ್ರ ಅಲುಗಲಿಲ್ಲ. "ನಾ ಹೇಳಿದ್ನಿಲ್ಲೋ, ಒಳ್ಳೇ ಜಾಗಾ ಅಲ್ಲಿದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಗಿರಮಲ್ಲಪ್ಪನ ಮುಖದಲ್ಲಿ ಅರಿಶಿನ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. "ಗಾಡಿ ತಿರುಗಿಸ್ರಿ. ರಕ್ತಾ ಕಾರೂ ಮನ್ಯಾಗ ನಾ ಮಗನ ಲಗ್ನ ಮಾಡಂಗಿಲ್ಲ. ಈ ಸಂಬಂಧನ ಬ್ಯಾಡ."

"ಬೀಗ್ರ..." ಎಂದ ಶಿವಪುತ್ರ.

ಇದೆಲ್ಲ ನಡೆಯುವಾಗ ಪದ್ಮವ್ವ ಭವನದ ಒಳಗಿದ್ದಳು. ಬೀಗರು ಬರುತ್ತಾರೆ, ಒಂದು ದಿನದ ಮಟ್ಟಿಗೆ ಹಟ ಬಿಡು ಎಂದು ಮಗಳು ಕೈ ಹಿಡಿದು ಎಳೆದು ತಂದು ಕೂರಿಸಿದ್ದಳು. ಗೋಡೆಯ ಬುಡಕ್ಕೇ ಕೂತಿದ್ದ ಪದ್ಮವ್ವ, ಹೊರಗಿನಿಂದ ಪೈಪಿನ ನೀರು ಬಂದು ಬಡಿಯುವುದನ್ನು ಕಿಟಕಿಯಲ್ಲಿ ಕಂಡು, ಶೆಡ್ಡಿನ ದಿನಗಳ ರೂಢಿಯಂತೆ ಎರಡೂ ಕಿವಿಗೆ ಬೆರಳು ಹಾಕಿಕೊಂಡಳು. ತಗಡಿನ ಮೇಲೆ ನೀರು ಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಹೇಳಿಕೊಡಬೇಕೇ? ಸ್ವಲ್ಪ ಹೊತ್ತಿನ ಮೇಲೆ ಒಂದು ಬೆರಳು ತೆಗೆದಳು. ಆಮೇಲೆ ಇನ್ನೊಂದು. ಒಳಗೆ ಸದ್ದೇ ಇರಲಿಲ್ಲ. ಹಾಳೆಯ ಹಿಂದೆ ಹಲಗೆ, ಅದರ ಹಿಂದೆ ಮೆತ್ತೆ, ಅದರ ಹಿಂದೆ ಇಟ್ಟಿಗೆ. ಪಕ್ಕದಲ್ಲಿ ನಿಂತ ಮಗಳು ಮೆಲ್ಲಗೆ "ಯವ್ವಾ, ಏನಾತು?" ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಪದ್ಮವ್ವ ದಂಗಾಗಿ ಮಗಳ ಮುಖ ನೋಡಿದಳು. ಎಷ್ಟೋ ವರ್ಷದ ಹೊರೆಯೊಂದು ಅವಳ ಎದೆಯಿಂದ ಇಳಿಯಿತು.

ಹೊರಗೆ ಕೆಂಪವ್ವ ಜೀಪು ಹತ್ತಲಿಲ್ಲ. ಹಿಡಿದುಕೊಂಡವರ ಕೈ ಕೊಡವಿ, ಇನ್ನೂ ಅಷ್ಟು ಬಾಗಿ, ಮೆಟ್ಟಿಲ ಮೇಲಿನ ಕೆಂಪು ನೀರಿಗೆ ಬೆರಳ ತುದಿ ಅದ್ದಿ ಮೂಸಿ ನೋಡಿದಳು. ನೋಡಿ, ಬೊಚ್ಚು ಬಾಯಲ್ಲಿ ನಗತೊಡಗಿದಳು.

"ಏ ಗಿರಮಲ್ಯಾ, ನಿನ್ನ ಲಗ್ನದಾಗ ನಿನಗ ಆರತಿ ಮಾಡಿದ್ವೆಲ್ಲ, ನೀರ ಯಾವ ಬಣ್ಣಾ ಇತ್ತೋ? ಅರಿಷಿಣಕ್ಕ ಸುಣ್ಣಾ ಬೀಳಲಿ, ಬೂದಿ ಬೀಳಲಿ, ಕೆಂಪ ಆಗೂದ. ಇದು ರಕ್ತ ಅಲ್ಲೋ ಹುಚ್ಚಾ, ಆರತಿ ನೀರು! ಗಂಡಸರ ಕೈಯಾಗ ಕೊಟ್ರ ಆರತೀನೂ ಪೈಪಿನಿಂದನ ಹೊಡೀತಾರ."

ಓಡಿದ್ದ ಹೆಂಗಸರಲ್ಲಿ ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಜೀವಮಾನವಿಡೀ ಆರತಿಯ ತಟ್ಟೆ ಕಲಸಿದವರು ಅವರು. ಒಂದು ಗೋಡೆಯಷ್ಟು ದೊಡ್ಡದಾದದ್ದಕ್ಕೆ ಗುರುತು ಸಿಕ್ಕಿರಲಿಲ್ಲ. ಅದೇ ಹೊತ್ತಿಗೆ ಪದ್ಮವ್ವ ಬಾಗಿಲಿಗೆ ಬಂದು ನಿಂತಳು. ಹೊಸ್ತಿಲು ದಾಟುವುದಿಲ್ಲ ಎಂದಿದ್ದವಳು ಒಳಗಿನಿಂದಲೇ ಕರೆದಳು.

"ಒಳಗ ಬರ್ರಿ ಅತ್ತ್ಯಾರ. ತಂಪೈತಿ. ಮಾತಾಡಿದ್ದು ಕೇಳಸ್ತೈತಿ."

ಕೆಂಪವ್ವ ಒಳಗೆ ಹೋಗಿ ಕೂತು, ಎಲೆಯಡಿಕೆ ಹಾಕಿಕೊಂಡು, ಎಲ್ಲರನ್ನೂ ಕರೆಸಿದಳು. ಶಿವಪುತ್ರ ಒದ್ದೆ ಪಂಚೆಯಲ್ಲಿ ಕೈಕಟ್ಟಿ ನಿಂತ.

"ಸಂಬಂಧ ಖಾಯಂ. ಲಗ್ನ ಇಲ್ಲೇ. ಆದ್ರ ಮ್ಯಾಲ ಒಂದ ಬಣ್ಣ, ಕೆಳಗ ಒಂದ ಬಣ್ಣ, ಅರ್ಧಾ ಗಡ್ಡ ಬೋಳಿಸಿದಂಥಾ ಈ ಗ್ವಾಡಿ ಮುಂದ ನನ್ನ ಮೊಮ್ಮಗ ನಿಂತ ಫೋಟೋ ತಗಸಂಗಿಲ್ಲ. ಪೂರಾ ಒಂದ ಬಣ್ಣ ಆಗಬೇಕು. ಆದ ದಿನ ತಾರೀಖ ಹಿಡಿಯೂನು."

"ಇವತ್ತ ಗಳಾ ಕಟ್ಟತೇನ್ರಿ ಆಯಿ! ಮ್ಯಾಲಿಂದೂ ತಿಕ್ಕಿ—"

"ಮ್ಯಾಲಿನಂಗ ಕೆಳಗಿಂದ ಆಗ್ಲಿ ಅಂದ್ನಿ."

ಶಿವಪುತ್ರನಿಗೆ ತಲೆ ಗಿರ್ರೆಂದಿತು. "ಅಂದ್ರ... ಹೊಳೀಬಾರದೇನ್ರಿ?"

"ಹೊಳೀಬೇಕಾದಾಕಿ ನಿನ್ನ ಮಗಳು. ಗ್ವಾಡಿ ಹೊಳದ್ರ ಆಕಿನ್ನ ಯಾರ ನೋಡತಾರ? ಗ್ವಾಡಿ ಸುಮ್ಮಿರ್ಲಿ."

ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತ ಕೂತಿದ್ದ ಪ್ರೀತಿ ಚಕಿತಳಾಗಿ ತಲೆಯೆತ್ತಿದಳು. ಶಿವಪುತ್ರ ಅವಳ ಮುಂದೆ ಹೋಗಿ ನಿಂತು, ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಬಾಯಾರ, ಕಿಲಬ ಲಗೂನ ಹಿಡಿಸಾಕ ಏನ ಹಚ್ಚಬೇಕ್ರಿ?"

"ಏನೂ ಹಚ್ಚಬೇಡಿ. ಬರೀ ನೀರಲ್ಲಿ ಬೂದಿ ತೊಳೆದುಬಿಡಿ, ಸಾಕು. ಆಮೇಲೆ ದಯವಿಟ್ಟು ಏನೂ ಮಾಡಬೇಡಿ. ಅದಾಗಿಯೇ ಬರುತ್ತೆ. ತಿಂಗಳುಗಳೇ ಬೇಕು."

ಶಿವಪುತ್ರನಂಥವನಿಗೆ ಏನೂ ಮಾಡದೇ ಇರು ಎನ್ನುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು. ಅವನು ಬೀರದೇವರ ಗುಡಿಗೆ ಹೋಗಿ ಕಾಯಿ ಒಡೆಸಿ, ಬೇಗ ಕಿಲುಬು ಹಿಡಿಯಲಿ ಎಂದು ಹರಕೆ ಹೊತ್ತ. ಪೂಜಾರಿ ಗಾಬರಿಯಾಗಿ, ಯಾರ ಮನೆ ಹಾಳು ಮಾಡಲು ಹೊರಟಿದ್ದೀ ಎಂದು ಕೇಳಿದ. ಮಳೆ ಬಂದರೆ ಊರವರೆಲ್ಲ ಒಳಗೆ ಓಡುವಾಗ ಇವನು ದಿಬ್ಬಕ್ಕೆ ಓಡುತ್ತಿದ್ದ. ದಾರಿಯಲ್ಲಿ ಸಿಕ್ಕವರು "ಹಿಡೀತೇನ್ರಿ?" ಎಂದು ಕೇಳುತ್ತಿದ್ದರು. "ಎಡಗಡೆ ಒಂದೀಟ ಹಿಡದೈತ್ರಿ, ಬಲಗಡೆ ಇನ್ನೂ ಹಟಾ ಮಾಡಾಕತ್ತೈತಿ" ಎನ್ನುತ್ತಿದ್ದ. ದೀಪಾವಳಿಗೆ ಅನಸವ್ವನ ಪಡೆ ಹಬ್ಬದ ಪುಣ್ಯಕ್ಕೆಂದು ಪುಕ್ಕಟೆಯಾಗಿ ಗೋಡೆ ತಿಕ್ಕಿಕೊಡಲು ನಾರು ಬೂದಿ ಹಿಡಿದು ಬಂದಾಗ, ಇವನು ಪೆಂಡಾಲಿನ ಗಳ ಹಿಡಿದು ಅಡ್ಡ ನಿಂತ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದ. ಜೀವಮಾನವಿಡೀ ತಿಕ್ಕು ತಿಕ್ಕು ಎಂದವನ ಬಾಯಲ್ಲಿ ಈ ಮಾತು ಕೇಳಿ, ಅಣ್ಣನಿಗೆ ಗಾಳಿ ತಾಗಿದೆ ಎಂದು ಅನಸವ್ವ ಅತ್ತುಬಿಟ್ಟಳು.

ಸಂಕ್ರಮಣವೂ ಕಳೆಯಿತು. ಒಂದು ದಿನ ಪರಮಾನಂದ ಗೋಡೆಯನ್ನು ಸುತ್ತು ಹಾಕಿ ನೋಡಿ, ಮೇಲಿನದಕ್ಕೂ ಕೆಳಗಿನದಕ್ಕೂ ಇನ್ನು ಫರಕಿಲ್ಲ ಎಂದ. ಶಿವಪುತ್ರ ದಿಬ್ಬದಿಂದ ಒಂದೇ ಉಸಿರಿಗೆ ಇಳಿದು ಚಹಾದಂಗಡಿಗೆ ನುಗ್ಗಿ, ಫೋನು ಹಚ್ಚಿ, ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದ.

"ಬೀಗ್ರ! ಪೂರಾ ಮಸಕ ಆತ್ರಿ! ಎಲ್ಲಿ ನೋಡಿದ್ರೂ ಒಂದೀಟೂ ಹೊಳಪ ಉಳದಿಲ್ರಿ! ದೇವರು ಕಣ್ಣ ತೆರದಾ, ತಾರೀಖ ಹಿಡೀರಿ!"

ಬಾಗಲಕೋಟೆಯ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದ ಪರವೂರಿನವನೊಬ್ಬ ಬೆಚ್ಚಿ ಬಶಿ ಕೆಳಗಿಟ್ಟ. ಎಲ್ಲ ಕಳೆದುಕೊಂಡವನು ಹೀಗೆ ಕುಣಿಯುತ್ತಿರುವುದನ್ನು ಅವನು ಎಲ್ಲೂ ಕಂಡಿರಲಿಲ್ಲ. ಪಾಪ, ಈ ಮನುಷ್ಯನಿಗೆ ಏನಾಗಿದೆ ಎಂದು ಅಂಗಡಿಯವನನ್ನು ಮೆಲ್ಲಗೆ ಕೇಳಿದ.

"ಏನಿಲ್ರಿ, ಮಗಳ ಲಗ್ನ ಕೂಡಿ ಬಂತು" ಎಂದ ಅಂಗಡಿಯವನು.